ಬರಿಗಣ್ಣಿಗೆ ಕಾಣದ ಚುಕ್ಕೆ

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನ್ನದು ಇವೆರಡಕ್ಕಿಂತ ಅಗ್ಗದ್ದು, ಆದರೆ ಮನೆಯವರಿಗೆ ಹೆಚ್ಚು ತ್ರಾಸದ್ದು. ಏನನ್ನೇ ಕೊಂಡರೂ ಅದನ್ನು ಎಷ್ಟು ಜಾಣತನದಿಂದ ಕೊಂಡೆ ಎಂದು ನಾಲ್ಕು ಜನರಿಗೆ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಕಲ್ಯಾಣದ ಮಾರ್ಕೆಟ್ಟಿನಲ್ಲಿ ಕೊಂಡ ಹುಣಸೆಹಣ್ಣೇ ಇರಲಿ, ಡೊಂಬಿವಲಿ ಸ್ಟೇಷನ್ನಿನ ಹೊರಗೆ ಕೊಂಡ ಕೊಡೆಯೇ ಇರಲಿ, ವಸ್ತು ಮನೆ ಸೇರುವ ಮೊದಲೇ ಅದರ ಚರಿತ್ರೆ ಬಿಲ್ಡಿಂಗಿನ ಮೂರು ಮಹಡಿ ಹತ್ತಿರುತ್ತದೆ. ಚರಿತ್ರೆ ಎಂದರೆ ಹೊಗಳಿಕೆಯಲ್ಲ. ವಸ್ತುವಿನ ಐಬು ಯಾವುದು, ಆ ಐಬು ನಮ್ಮ ಉಪಯೋಗಕ್ಕೆ ಹೇಗೆ ಅಡ್ಡ ಬರುವುದಿಲ್ಲ, ಅದನ್ನೇ ತೋರಿಸಿ ನಾನು ಅಂಗಡಿಯವನನ್ನು ಹೇಗೆ ಬಗ್ಗಿಸಿದೆ, ಇಷ್ಟೂ ಸೇರಿದರೆ ಮಾತ್ರ ಅದು ಚರಿತ್ರೆ. ಕೊಡೆಯ ಒಂದು ಕಡ್ಡಿ ಸ್ವಲ್ಪ ಸೊಟ್ಟ, ಆದರೆ ಮಳೆಗೇನು ಅದು ಗೊತ್ತಾಗುತ್ತದೆಯೇ? ಹೀಗೆ. ಚಟ ಕೊಡೆಯ ಮಟ್ಟದಲ್ಲಿ ಇರುವಷ್ಟು ದಿನ ನನ್ನ ಹೆಂಡತಿ ಸುಮತಿ ಸಹಿಸಿಕೊಂಡಳು. ಅದು ವಜ್ರದ ಮಟ್ಟಕ್ಕೆ ಏರಿದಾಗ ಏನಾಯಿತು ಎಂಬುದೇ ಈಗ ಹೇಳಹೊರಟ ವಿಷಯ.

ನಾನು ಉಡುಪಿ ಕಡೆಯವನು. ಮುಂಬಯಿ ಕಡೆಗೆ ಬಂದು, ಠಾಣೆ ಪೇಟೆಯ ಕೂಡುರಸ್ತೆಯ ಹೊಟೇಲೊಂದರಲ್ಲಿ ದೋಸೆ ಹಿಟ್ಟು ರುಬ್ಬುವುದರಿಂದ ಶುರುಮಾಡಿ, ಡೊಂಬಿವಲಿಯಲ್ಲಿ ಎಂಟು ಮೇಜಿನ ಸ್ವಂತ ಹೊಟೇಲು ಇಟ್ಟವನು. ಮದುವೆಯಾದ ಹೊಸದರಲ್ಲಿ ಸುಮತಿಗೆ ಒಂದು ಮೂಗುಬೊಟ್ಟು ಕೊಡಿಸಿದೆ. ಚಿನ್ನ ಚಿನ್ನವೇ, ಕಲ್ಲು ಮಾತ್ರ ಕಾಜಿನದು, ಬರಿಯ ಗಾಜು. ಅವಳಿಗೂ ಅದು ಗೊತ್ತಿತ್ತು, ಮುಚ್ಚುಮರೆ ಏನಿರಲಿಲ್ಲ. "ಮುಂದೆ ವಜ್ರದ್ದು ಮಾಡಿಸುವ" ಎಂದಿದ್ದೆ. ಆ "ಮುಂದೆ" ಮೂವತ್ತೆರಡು ವರ್ಷ ನಡೆಯಿತು. ಹೊಟೇಲಿಗೆ ಗ್ರೈಂಡರ್ ಬಂತು, ಫ್ಲ್ಯಾಟ್ ಬಂತು, ಮಗನ ಇಂಜಿನಿಯರಿಂಗ್ ಬಂತು, ಅವನಿಗೆ ಸಾನಪಾಡಾದಲ್ಲಿ ಮನೆ ಬಂತು. ಬೆಳಗಿನ ಎಂಟರ ಲೋಕಲ್ಲಿಗೆ ಡೊಂಬಿವಲಿಯಲ್ಲಿ ಹತ್ತಲು ನಿಂತ ಮುದುಕನ ಹಾಗೆ ವಜ್ರ ಮಾತ್ರ ಪ್ಲಾಟ್‌ಫಾರ್ಮಿನ ಮೇಲೇ ಉಳಿಯುತ್ತ ಬಂತು. ಸುಮತಿ ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಏನಾದರೂ ನೆಪ ಹೇಳಿ ಹಗುರಾಗುತ್ತಿದ್ದೆ.

ಆ ದಿನಗಳಲ್ಲಿ ನಮ್ಮದು ಸ್ಟೇಷನ್ನಿನ ಹಿಂದಿನ ಸಾಲುಕೋಣೆಗಳ ಚಾಳಿನಲ್ಲಿ ಒಂದೇ ಕೋಣೆ. ಹೊಟೇಲಿಗೆ ಬೇಕಾದ ಅಕ್ಕಿಯನ್ನು ಸುಮತಿ ಚಾಳಿನ ಗ್ಯಾಲರಿಯಲ್ಲಿ ಕೂತು ಮೊರದಲ್ಲಿ ಆರಿಸುತ್ತಿದ್ದಳು. ಆಗಿನ ಅಕ್ಕಿಯಲ್ಲಿ ಕಲ್ಲೆಂದರೆ ಕಲ್ಲು, ಅಕ್ಕಿಯ ಬಣ್ಣದ್ದೇ, ಅಕ್ಕಿಯ ಗಾತ್ರದ್ದೇ. ಪಕ್ಕದ ಕೋಣೆಯ ಮರಾಠಿ ಹೆಂಗಸರೊಡನೆ ಅರ್ಧ ಮರಾಠಿ ಅರ್ಧ ಕೈಸನ್ನೆಯಲ್ಲಿ ಹರಟುತ್ತ, ಮೊರದ ಕಡೆ ನೋಡಿಯೂ ನೋಡದ ಹಾಗೆ, ಬೆರಳಲ್ಲಿ ಕಲ್ಲನ್ನು ಟಪ್ಪನೆ ಆಚೆ ಚಿಮ್ಮುತ್ತಿದ್ದಳು. ಅವಳು ಆರಿಸಿದ ಅಕ್ಕಿಯ ಅನ್ನದಲ್ಲಿ ಹಲ್ಲಿಗೆ ಕಲ್ಲು ಸಿಕ್ಕಿತೆಂದು ಒಬ್ಬ ಗಿರಾಕಿಯೂ ದೂರಿದ್ದಿಲ್ಲ. ಬೆಳಗಿನ ಬಿಸಿಲು ಗ್ಯಾಲರಿಗೆ ಓರೆಯಾಗಿ ಬೀಳುವ ಹೊತ್ತಿನಲ್ಲಿ ಅವಳು ತಲೆ ತಿರುಗಿಸಿದರೆ ಮೂಗಿನ ಮೇಲಿನ ಕಾಜು ಫಳ್ಳೆನ್ನುತ್ತಿತ್ತು. ನಾನು ಉಪ್ಪಿನ ಡಬ್ಬಿ ಕೇಳುವ ನೆಪದಲ್ಲಿ ಎರಡು ಸಲ ಆ ದಾರಿಯಾಗಿ ಹೋಗುತ್ತಿದ್ದೆ. ಹೊಟೇಲಿನಲ್ಲಿ ಉಪ್ಪಿಗೇನೂ ಬರವಿರಲಿಲ್ಲ.

ಈ ವರ್ಷ ನನಗೆ ಅರವತ್ತು ತುಂಬಿತು. ಷಷ್ಟ್ಯಬ್ದಿ ಶಾಂತಿ ಮಾಡಿಸಬೇಕೆಂದು ಮಗ ಹಟ ಹಿಡಿದ. ಅದರಲ್ಲಿ ಹೆಂಡತಿಗೆ ಎರಡನೇ ಸಲ ತಾಳಿ ಕಟ್ಟಬೇಕಲ್ಲ. ಆ ಹೊತ್ತಿಗೂ ಅದೇ ಕಾಜಿನ ಮೂಗಿನ ಮುಂದೆ ನಿಲ್ಲಲು ನನಗೆ ಮುಖವಿರಲಿಲ್ಲ. ವಜ್ರ ಕೊಳ್ಳುವುದೆಂದು ತೀರ್ಮಾನಿಸಿದೆ. ಆನ್‌ಲೈನಿನಲ್ಲಿ ತರಿಸಿಬಿಡಿ ಎಂದು ಮಗ ಹಿಂದಿಯಲ್ಲಿ ಹೇಳಿದ. ತೊಗರಿಬೇಳೆಯನ್ನೇ ಅಂಗೈಯಲ್ಲಿ ಹಾಕಿ ಬೆಳಕಿಗೆ ಹಿಡಿಯದೆ ಕೊಳ್ಳದವನು ನಾನು. ನೇರ ಠಾಣೆಗೆ ಹೋಗಿ, ಪರಿಚಯದ ಒಬ್ಬ ಗುಜರಾತಿ ಶೇಠನ ಅಂಗಡಿಯಲ್ಲಿ ಒಂದು ತಿಂಗಳ ಸೋಮವಾರಗಳನ್ನೆಲ್ಲ ಕಳೆದೆ.

ನೀವೂ ಮುಂದೆ ಕೊಳ್ಳುವವರಾದರೆ ಇದನ್ನು ಬರೆದಿಟ್ಟುಕೊಳ್ಳಿ. ವಜ್ರದ ಒಳಗೆ ಹುಟ್ಟಿನಿಂದಲೇ ಚುಕ್ಕೆ, ಗೀರು, ಪುಕ್ಕದಂಥ ಬಿರುಕು ಇರುತ್ತವೆ. ಅವು ಎಷ್ಟಿವೆ ಎಂಬುದರ ಮೇಲೆ ದರ್ಜೆ. ಏನೂ ಇಲ್ಲದ್ದು ತುತ್ತತುದಿಯಲ್ಲಿ, ಅದರ ಕೆಳಗೆ ವಿವಿಎಸ್, ಮತ್ತೆ ವಿಎಸ್, ಮತ್ತೆ ಎಸ್ಐ, ಎಲ್ಲಕ್ಕೂ ಕೆಳಗೆ ಬರಿಯ ಐ, ಒಂದೊಂದರೊಳಗೂ ಮತ್ತೆ ವನ್, ಟೂ ಎಂಬ ಮೆಟ್ಟಿಲು. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್ ಎಂಬ ಪುಟ್ಟ ಭೂತಗನ್ನಡಿ ಕಣ್ಣಿಗೆ ಒತ್ತಿಕೊಂಡು ಇದನ್ನೆಲ್ಲ ನಿರ್ಧರಿಸುತ್ತಾರೆ. ನನ್ನ ಪ್ರಶ್ನೆ ಒಂದೇ. ನಮ್ಮ ನೆಂಟರು ಷಷ್ಟ್ಯಬ್ದಿಗೆ ಲೂಪ್ ಹಿಡಿದು ಬರುತ್ತಾರೆಯೇ? ಇಲ್ಲವಲ್ಲ. ಹಾಗಾದರೆ ಬರಿಗಣ್ಣಿಗೆ ಚೊಕ್ಕ ಕಂಡರೆ ಮುಗಿಯಿತು, ಅದಕ್ಕೂ ಮೇಲಿನ ದರ್ಜೆಗೆ ದುಡ್ಡು ಸುರಿಯುವುದು ಲೂಪಿಗೆ ಉಡುಗೊರೆ ಕೊಟ್ಟ ಹಾಗೆ. ವಿಎಸ್ ಟೂ ತೆಗೆದುಕೊಂಡರೆ ಕಣ್ಣುಮುಚ್ಚಿ ನಂಬಬಹುದು. ಒಂದು ಮೆಟ್ಟಿಲು ಕೆಳಗೆ ಎಸ್ಐ ವನ್ ಇದೆಯಲ್ಲ, ಅಲ್ಲಿ ಕೆಲವು ಕಲ್ಲು ಚೊಕ್ಕ, ಕೆಲವು ಅಲ್ಲ. ಕಾಗದದ ಮೇಲಿನ ದರ್ಜೆ ಬಿಟ್ಟು ಕಲ್ಲನ್ನೇ ನೋಡಬೇಕು. ನಮ್ಮಂಥವರ ಆಟ ಅಲ್ಲಿಯೇ. ಅಂಗಡಿಯ ದೀಪದ ಕೆಳಗೆ ಉಪ್ಪಿನ ಹರಳೂ ವಜ್ರವೇ, ಆದ್ದರಿಂದ ಕಲ್ಲನ್ನು ಬಾಗಿಲ ಬೆಳಕಿಗೆ ತರಿಸಿ. ಬಿಳಿ ಕಾಗದದ ಮೇಲೆ ಮುಖ ಮೇಲಾಗಿ ಇಡಿ. ಒಂದು ಗೇಣು ದೂರದಿಂದ ನೋಡಿ. ಚುಕ್ಕೆ ನಟ್ಟನಡುವೆ ಕಪ್ಪಗಿದ್ದರೆ ಬೇಡ. ಅಂಚಿನಲ್ಲಿ ಬೆಳ್ಳಗಿದ್ದರೆ ಅಡ್ಡಿಯಿಲ್ಲ, ಕಲ್ಲನ್ನು ಹಿಡಿಯುವ ಚಿನ್ನದ ಉಗುರಿನ ಅಡಿಗೆ ಅದು ಹೋಗುತ್ತದೆ. ನನ್ನದು ಅರವತ್ತರ ಕಣ್ಣು, ನನಗೆ ಎಲ್ಲವೂ ಚೊಕ್ಕವೇ ಕಾಣುತ್ತಿತ್ತು. ಅದಕ್ಕೆ ಬಾಗಿಲಲ್ಲಿದ್ದ ವಾಚ್‌ಮನ್‌ನ ಕಣ್ಣನ್ನೂ ಸಾಲ ಪಡೆದೆ. ಅವನು ಶೇಠ ಹರಡಿಟ್ಟ ಹದಿನಾಲ್ಕು ಕಲ್ಲುಗಳನ್ನೂ ಶ್ರದ್ಧೆಯಿಂದ ನೋಡಿ, ಇವೆಲ್ಲ ಕಾಜೇ ಅಲ್ಲವೇ ಎಂದು ಕೇಳಿದ. ಶೇಠನ ಮುಖ ನೋಡಬೇಕಿತ್ತು.

ಕೊನೆಗೆ ಒಂದು ಎಸ್ಐ ವನ್ ಕಲ್ಲು ಆರಿಸಿದೆ. ಚುಕ್ಕೆ ಎಲ್ಲಿದೆಯೆಂದು ಲೂಪಿನಲ್ಲಿ ನೋಡಿದ ಮೇಲೂ ಬರಿಗಣ್ಣಿಗೆ ಕಾಣುತ್ತಿರಲಿಲ್ಲ. ನಮ್ಮಲ್ಲಿ ವಜ್ರವನ್ನು ಕೊಂಡ ಕೂಡಲೇ ಧರಿಸುವ ಕ್ರಮವಿಲ್ಲ. ವಜ್ರ ಎಲ್ಲರಿಗೂ ಆಗಿಬರುವುದಿಲ್ಲವೆಂದು ಮೂರು ದಿನ ದೇವರ ಹತ್ತಿರ ಇಟ್ಟು ನೋಡುತ್ತಾರೆ. ಮನೆಗೆ ಏನೂ ಕೆಡುಕಾಗದಿದ್ದರೆ ಸರಿ, ಇಲ್ಲವಾದರೆ ವಾಪಸು. ಶೇಠ ಇದಕ್ಕೂ ಒಪ್ಪಿದ. ಕಲ್ಲನ್ನು ಕಾಗದದಲ್ಲಿ ಮಡಿಸಿ ಕೊಡುತ್ತ, "ಅಣ್ಣಾ, ನಂಗೀ ಆಂಖ್ ಸೇ ದಾಗ್ ದಿಖಾ ತೋ ವಾಪಸ್ ಲಾನಾ" ಎಂದ. ಬರಿಗಣ್ಣಿಗೆ ಕಲೆ ಕಂಡರೆ ತಂದುಬಿಡು ಎಂಬ ಅವನ ಧೈರ್ಯ ನನ್ನ ಆಯ್ಕೆಗೆ ಸಿಕ್ಕ ಸರ್ಟಿಫಿಕೇಟ್.

ಮನೆಯಲ್ಲಿ ಸುಮತಿ ಕಾಗದ ಬಿಡಿಸಿದಳು. ಕಲ್ಲನ್ನು ಅಂಗೈಗೆ ಹಾಕಿಕೊಂಡು ಕಿಟಕಿಯ ಹತ್ತಿರ ಹೋದಳು. ಬೆರಳ ತುದಿಯಿಂದ ಒಮ್ಮೆ ಉರುಳಿಸಿದಳು. ಆಮೇಲೆ, "ಚಂದ ಉಂಟು" ಎಂದಳು. ಮೂವತ್ತೆರಡು ವರ್ಷ ಕಾದು ಆಡಿದ ಎರಡು ಮಾತು. ಬುದ್ಧಿಯಿದ್ದ ಗಂಡಸು ಅಲ್ಲಿಗೆ ಕಾಫಿ ಕೇಳುತ್ತಿದ್ದ. ನಾನು ಹೊಟೇಲಿನ ಬಿಲ್ಲಿನ ಹಿಂಬದಿಯಲ್ಲಿ ವಜ್ರದ ಚಿತ್ರ ಬರೆದು, ಗಡಿಯಾರದಲ್ಲಿ ಏಳು ಇರುವ ಜಾಗಕ್ಕೆ ಒಂದು ಚುಕ್ಕೆ ಇಟ್ಟು, ಐಬು ಇರುವುದು ಇಲ್ಲಿ, ಆದರೂ ಕಾಣುವುದಿಲ್ಲ ನೋಡು, ಅದೇ ಇದರ ಗಮ್ಮತ್ತು ಎಂದು ವಿವರಿಸಿದೆ. ಅವಳು "ಹೌದಾ" ಎಂದು ಕಾಗದ ಮಡಿಸಿ ದೇವರ ಮುಂದೆ ಇಟ್ಟಳು. ಸಂಜೆಯೊಳಗೆ ಹೊಟೇಲಿನ ಕಾಯಂ ಗಿರಾಕಿಗಳಿಗೆ, ಸೊಸೈಟಿಯ ಸೆಕ್ರೆಟರಿಗೆ, ಫೋನಿನಲ್ಲಿ ಬದಲಾಪುರದ ಅಕ್ಕನಿಗೆ ಚುಕ್ಕೆಯ ಸಮಾಚಾರ ಮುಟ್ಟಿತು.

ಮರುದಿನ ಬೆಳಿಗ್ಗೆ ಅಕ್ಕ ಲೋಕಲ್ ಹಿಡಿದು ಬಂದೇಬಿಟ್ಟಳು. ನನಗಿಂತ ಆರು ವರ್ಷ ದೊಡ್ಡವಳು, ನಮ್ಮ ಮನೆತನದ ಶಾಸ್ತ್ರವೆಲ್ಲ ಅವಳ ಕೈಯಲ್ಲಿ. ಕನ್ನಡಕ ಹಾಕಿದಳು, ತೆಗೆದಳು, ಕಲ್ಲನ್ನು ಮೂಗಿನ ತನಕ ತಂದಳು. "ಎಲ್ಲಿಯಾ ಚುಕ್ಕೆ? ನನಗೆ ಎಂತದೂ ಕಾಣುವುದಿಲ್ಲ ಮಾರಾಯ" ಎಂದಳು. ಸುಮತಿಯ ಮುಖ ಅರಳಿತು. ನಾನು ಗೆದ್ದಿದ್ದೆ, ಸುಮ್ಮನಿದ್ದರೆ ಸಾಕಿತ್ತು. ಆದರೆ ಅಷ್ಟು ಕಷ್ಟಪಟ್ಟು ಆರಿಸಿದ ಚುಕ್ಕೆ ಒಬ್ಬರಿಗೂ ಕಾಣದಿದ್ದರೆ ನನ್ನ ಜಾಣತನ ಕಾಣುವುದು ಹೇಗೆ? ಕೈ ತಾನಾಗಿ ಊದುಬತ್ತಿಯ ಕಡ್ಡಿಯೊಂದನ್ನು ಎತ್ತಿಕೊಂಡಿತು. ಇಲ್ಲಿ, ಇಲ್ಲಿ ನೋಡು, ಸ್ವಲ್ಪ ಓರೆ ಮಾಡು ಎಂದೆ. ಬದಲಾಪುರದಿಂದ ಬಂದವಳು ಏನನ್ನೂ ಕಾಣದೆ ಹಿಂತಿರುಗುವುದುಂಟೇ? "ಓ, ಉಂಟು ಉಂಟು. ಕಾಗೆಯ ಕಾಲಿನ ಹಾಗೆ ಉಂಟು" ಎಂದಳು. ಕಾಗೆಕಾಲಿನ ವಜ್ರ ಮನೆಗೆ ಆಗುವುದಿಲ್ಲ ಎನ್ನುವುದು ಅವಳ ಶಾಸ್ತ್ರ. ಶಾಂತಿಯ ದಿನ ಇದನ್ನು ಹಾಕುವುದು ಬೇಡ ಎಂದು ಹೇಳಿ, ಊಟ ಮಾಡಿ, ಎರಡೂವರೆಯ ಗಾಡಿಗೆ ಹೋದಳು.

ಸಂಜೆ ಸುಮತಿ ನನ್ನ ಮುಂದೆ ಚಹಾ ಇಟ್ಟು ಎದುರಿಗೇ ಕೂತಳು.

"ಮೂವತ್ತೆರಡು ವರ್ಷ ನಾನು ಕಾಜು ಹಾಕಿದೆ. ಅದು ಕಾಜು ಅಂತ ನೀವು ಯಾರಿಗಾದರೂ ಹೇಳಿದ್ದುಂಟಾ?"

"ಇಲ್ಲ."

"ಯಾಕೆ?"

"ನಾಚಿಕೆ ಆಗುತ್ತಿತ್ತು."

"ಅದಕ್ಕೇ ನಾನು ತಲೆ ಎತ್ತಿ ನಡೆದೆ. ಇದು ನಾಳೆ ನನ್ನ ಮೂಗಿಗೆ ಬಂದರೆ ಜನ ನನ್ನ ಮುಖ ನೋಡುವುದಿಲ್ಲ, ಚುಕ್ಕೆ ಹುಡುಕುತ್ತಾರೆ. ನಾಳೆಗೆ ಮೂರು ದಿನ ಆಯಿತು. ಕೊಟ್ಟು ಬರುವ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಮರುದಿನ ಮಧ್ಯಾಹ್ನದ ಖಾಲಿ ಸ್ಲೋ ಲೋಕಲ್ಲಿನಲ್ಲಿ ಇಬ್ಬರೂ ಠಾಣೆಗೆ ಹೊರಟೆವು. ಲೇಡೀಸ್ ಡಬ್ಬಿ ಬಿಟ್ಟು ನನ್ನ ಪಕ್ಕದಲ್ಲೇ ಕೂತಳು, ಆದರೆ ಕಿಟಕಿಯ ಕಡೆ ಮುಖ. ದಿವಾ ಹೋಯಿತು, ಮುಂಬ್ರಾ ಬಂತು, ಸಮುದ್ರ ಒಳನುಗ್ಗಿದ ಖಾಡಿಯ ನೀರು ಕಂಡಿತು. ಮದುವೆಯಾಗಿ ಮೊದಲ ಸಲ ಇದೇ ದಾರಿಯಲ್ಲಿ ಬರುವಾಗ ಈ ನೀರನ್ನು ತೋರಿಸಿ, ಇದು ನಮ್ಮ ಊರಿನ ಹೊಳೆಯ ಹಾಗೆಯೇ ಎಂದು ಅವಳನ್ನು ನಂಬಿಸಲು ನೋಡಿದ್ದೆ. ಅವಳಿಗೆ ಅದು ನೆನಪಿದೆಯೇ ಎಂದು ಕೇಳಬೇಕೆನಿಸಿತು. ಆ ಮೂರು ದಿನದಲ್ಲಿ ನಾನು ಬಾಯಿಗೆ ಬಂದದ್ದನ್ನು ನುಂಗಿದ್ದು ಅದೊಂದೇ ಸಲ.

ಶೇಠ ವಾದ ಮಾಡಲಿಲ್ಲ. ಭಾಭೀಜಿ ಒಮ್ಮೆ ತಾವೇ ನೋಡಲಿ ಎಂದು ಲೂಪನ್ನು ಸುಮತಿಯ ಕೈಗೆ ಕೊಟ್ಟ. ಅವಳು ಅದನ್ನು ಕಣ್ಣಿಗೆ ಹಿಡಿದು, ಅಲ್ಲಿ ಇಲ್ಲಿ ಹುಡುಕಿ, ಒಂದು ಕಡೆ ದೃಷ್ಟಿ ನಿಲ್ಲಿಸಿದಳು. "ಇದೇಯಾ?" ಎಂದು ನನ್ನನ್ನು ಕೇಳಿದಳು. ಹೌದೆಂದೆ. ಇನ್ನೊಮ್ಮೆ ನೋಡಿದಳು. ಹೆಗಲು ಅಲುಗತೊಡಗಿತು. ಅಳುತ್ತಿದ್ದಾಳೆಂದು ನನಗೆ ಗಾಬರಿ, ನೋಡಿದರೆ ನಗು.

"ಇದಕ್ಕಾ ಇಷ್ಟು ರಾಮಾಯಣ? ಇದು ಅಕ್ಕಿಯಲ್ಲಿ ಇದ್ದಿದ್ದರೆ ನಾನು ಹಾಗೇ ಬಿಟ್ಟುಬಿಡುತ್ತಿದ್ದೆ."

ಅಕ್ಕಿಯ ವಿಷಯದಲ್ಲಿ ಅವಳು ಏನನ್ನೂ ಬಿಟ್ಟವಳಲ್ಲ. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಲೂಪನ್ನು ಗಾಜಿನ ಮೇಜಿನ ಮೇಲಿಟ್ಟು, ಕೂರಿಸಿಬಿಡಿ ಎಂದು ಶೇಠನಿಗೆ ಕೈಸನ್ನೆ ಮಾಡಿದಳು. ಉಗುರು ಯಾವ ಕಡೆ ಬರಬೇಕು ಎಂದು ಅವನು ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಸುಮತಿ ಕನ್ನಡದಲ್ಲಿ ಹೇಳಿದಳು: "ಕಲ್ಲಿಗೆ ಎಲ್ಲಿ ಬೇಕಾದರೂ ಹಾಕಲಿ. ಒಂದು ಇವರ ಬಾಯಿಗೂ ಹಾಕಲಿ." ಏನೆಂದರು ಎಂದು ಶೇಠ ನನ್ನನ್ನು ಕೇಳಿದ. ನಿಮ್ಮ ಕೆಲಸ ಚೊಕ್ಕವಾಗಿದೆ ಅಂತಾಳೆ ಎಂದೆ.

ಶಾಂತಿ ಮಗನಿರುವ ಸಾನಪಾಡಾದಲ್ಲಿ ಚೆನ್ನಾಗಿ ನಡೆಯಿತು. ತಾಳಿ ಕಟ್ಟಲು ಬಗ್ಗಿದಾಗ ವಜ್ರ ಒಂದು ಗೇಣು ದೂರದಲ್ಲಿತ್ತು. ನನಗೆ ಸುಮತಿಯ ಮುಖ ಕಂಡಿತು, ಅಷ್ಟೇ. ಅಕ್ಕ ಹತ್ತಿರ ಬಂದು ಸುಮತಿಯ ಗಲ್ಲ ಹಿಡಿದು ಈಚೆ ಆಚೆ ತಿರುಗಿಸಿದಳು. ಸುಮತಿ ನಕ್ಕುಬಿಟ್ಟದ್ದರಿಂದ ಅಕ್ಕನಿಗೆ ತಾನು ಏನು ಹುಡುಕುತ್ತಿದ್ದೇನೆಂದು ಮರೆತಂತಾಯಿತು. ನಾನು ಊಟದ ವ್ಯವಸ್ಥೆ ನೋಡುವ ನೆಪದಲ್ಲಿ ಅಡುಗೆಮನೆ ಸೇರಿಕೊಂಡೆ.

ಆ ದಿನದಿಂದ ವಜ್ರದ ಬಗ್ಗೆ ನನ್ನ ಸಲಹೆ ಬಹಳ ಸರಳವಾಗಿದೆ. ದರ್ಜೆ ಯಾವುದೇ ಇರಲಿ, ಬರಿಗಣ್ಣಿಗೆ ಚೊಕ್ಕವಿದ್ದರೆ ಕೊಂಡುಕೊಳ್ಳಿ, ಕೊಂಡ ಮೇಲೆ ಚುಕ್ಕೆಯ ಸುದ್ದಿಯನ್ನು ಜೀವ ಹೋದರೂ ಬಾಯಿಬಿಡಬೇಡಿ. ಈ ಸಲಹೆಯನ್ನು ಈಗಾಗಲೇ ಹನ್ನೊಂದು ಜನರಿಗೆ ಕೊಟ್ಟಿದ್ದೇನೆ. ಎಲ್ಲರೂ ತಲೆದೂಗಿದರು. ಸರಿಯಾಗಿ ಮನದಟ್ಟಾಗಬೇಕಲ್ಲ ಎಂದು ಪ್ರತಿಯೊಬ್ಬರಿಗೂ ಸುಮತಿಯ ಮೂಗುಬೊಟ್ಟನ್ನೇ ಉದಾಹರಣೆಯಾಗಿ ವಿವರಿಸಬೇಕಾಯಿತು, ಇಬ್ಬರಿಗಂತೂ ಚಿತ್ರವನ್ನೂ ಬರೆದು ತೋರಿಸಿದೆ.