ಶಾಲೆಯ ಟ್ಯಾಂಕಿಗೊಂದು ಇ-ಟೆಂಡರು

ಇ-ಟೆಂಡರು ಬಂದ ಮೇಲೆ ನಮ್ಮ ಪಂಚಾಯಿತಿಯಲ್ಲಿ ವಾರಕ್ಕೊಂದು ಎಡವಟ್ಟು ನಡೆಯದೆ ಇರುವುದಿಲ್ಲ. ಹಳೇಬೀಡಿನ ಪಕ್ಕದ ಈ ಊರಿಗೆ ಪಿಡಿಒ ಆಗಿ ಬಂದಾಗ, ಕಂಪ್ಯೂಟರಿನ ಜೊತೆ ಶಿಸ್ತೂ ಬರುತ್ತದೆಂದು ನಂಬಿದ್ದೆ. ಕಂಪ್ಯೂಟರು ಬಂತು. ಶಿಸ್ತು ಅರಸೀಕೆರೆಯಲ್ಲೇ ಇಳಿದುಕೊಂಡಿರಬೇಕು.

ಒಂದು ಟ್ಯಾಂಕಿನ ಕತೆ ಹೇಳಿದರೆ ಸಾಕು. ಶಾಲೆಯ ನೀರಿನ ಟ್ಯಾಂಕು ಬಿರುಕು ಬಿಟ್ಟಿತ್ತು. ಬಿಸಿಯೂಟದ ಅಡುಗೆಯಮ್ಮ ದಿನಾ ಊರಾಚೆಯ ಬೋರ್‌ವೆಲ್ಲಿನಿಂದ ಹದಿನೈದು ಕೊಡ ನೀರು ಹೊರುತ್ತಿದ್ದರು. ಹಾದು ಹೋಗುವಾಗಲೆಲ್ಲ ಆಫೀಸಿನ ಕಿಟಕಿಯಲ್ಲಿ ನಿಂತು, “ಆಯ್ತಾ ಸಾ?” ಎನ್ನುವರು. “ಪ್ರೊಸೀಜರ್ ಇದೆಯಮ್ಮ” ಎನ್ನುವೆ.

ಸಹಿ

ಟೆಂಡರು ಕರೆಯಲು ಪೆನ್‌ಡ್ರೈವಿನಂಥ ಡಿಜಿಟಲ್ ಸಹಿಯ ಸಾಧನವನ್ನು ಕಂಪ್ಯೂಟರಿಗೆ ಚುಚ್ಚಬೇಕು. ಚುಚ್ಚಿದೆ. ಜೀವವಿಲ್ಲ. ಹೊರತೆಗೆದು ನೋಡಿದರೆ ಬಾಯಿ ತುಂಬ ಕುಂಕುಮ.

ಜವಾನನನ್ನು ಕರೆದೆ. ನನಗಿಂತ ಹಿರಿಯ ಮನುಷ್ಯ.

“ಏನ್ರೀ ಇದು?”

“ಆಯುಧಪೂಜೆ ಸಾ. ಪ್ರಿಂಟರ್‌ಗೆ ಮಾಡಿ ಅದಕ್ಕೆ ಬಿಟ್ರೆ ಚೆನ್ನಾಗಿರ್ತದಾ?”

“ನೀರಿನಲ್ಲಿ ಗೀರಿನಲ್ಲಿ ತೊಳೆದಿಲ್ಲ ತಾನೆ?”

“ಚೆ, ಚೆ! ಪಂಚಾಮೃತ ಒಂದೇ ತೊಟ್ಟು.”

ಹೊಸ ಸಾಧನ ಬರಲು ಒಂದು ತಿಂಗಳು. ಅಡುಗೆಯಮ್ಮನಿಗೆ ದಿನಕ್ಕೆ ಹದಿನೈದು ಕೊಡ.

ಅರಗು

ಅಂತೂ ಟೆಂಡರು ಕರೆದೆ. ಎರಡೇ ದಿನಕ್ಕೆ ಗುತ್ತಿಗೆದಾರನೊಬ್ಬ ದಪ್ಪ ಲಕೋಟೆ ಹಿಡಿದು ಬಂದ.

“ಆನ್‌ಲೈನ್‌ನಲ್ಲೇ ಹಾಕಬೇಕು ಕಣ್ರೀ. ಕೈಯಲ್ಲಿ ತಗೊಳ್ಳೋ ಹಾಗಿಲ್ಲ.”

“ಅದ್ರಲ್ಲೇ ಹಾಕಿದೀನಿ ಸಾ. ಇದು ಅದರದ್ದೇ ಪ್ರಿಂಟು. ನಾನು ಹಾಕಿರೋದು ನಿಮಗೆ ಗೊತ್ತಾಗ್ಬೇಕಲ್ಲ?”

“ಅದು ನನಗೆ ಗೊತ್ತಾಗಲೇಬಾರದು! ತೆರೆಯುವವರೆಗೆ ಗುಟ್ಟಾಗಿರಬೇಕು.”

ಆತ ಹಿಂದೆ ಮುಂದೆ ನೋಡಿ ಪಿಸುಗುಟ್ಟಿದ: “ಅದಕ್ಕೇ ಸಾ, ಲಕೋಟೆಗೆ ಅರಗಿನ ಸೀಲು ಹಾಕಿಸ್ಕೊಂಡು ಬಂದಿದೀನಿ.”

ದರ

ತೆರೆಯುವ ದಿನ ಬಂತು. ಮೂರು ಅರ್ಜಿಗಳು. ಪರವಾಗಿಲ್ಲವೇ, ಪೈಪೋಟಿ ಇದೆ ಎಂದುಕೊಂಡು ಪರದೆ ನೋಡಿದೆ. ಮೂವರದೂ ಒಂದೇ ದರ. ಪೈಸೆಯೂ ಆಚೀಚೆಯಿಲ್ಲ. ಮೂವರೂ ಜಗಲಿಯ ಮೇಲೇ ಕೂತಿದ್ದರು. ಕರೆದು ವಿಚಾರಿಸಿದೆ.

ಮೂವರೂ ಅರಸೀಕೆರೆಯ ಒಂದೇ ಕಂಪ್ಯೂಟರ್ ಅಂಗಡಿಗೆ ಹೋಗಿದ್ದರಂತೆ. ಮೊದಲನೆಯವನು ದರ ಹೇಳಿದ. ಎರಡನೆಯವನು, “ಅವರೆಷ್ಟು ಹಾಕಿದ್ರು? ನಂಗೂ ಅಷ್ಟೇ ಹಾಕಪ್ಪ” ಅಂದ, ಹೋಟೆಲಿನಲ್ಲಿ ಪಕ್ಕದವರ ತಟ್ಟೆ ನೋಡಿ ದೋಸೆ ಹೇಳಿದ ಹಾಗೆ. ಮೂರನೆಯವನೂ ಹಾಗೇ.

“ಗೊತ್ತಾದ ಮೇಲೆ ಒಂದು ರೂಪಾಯಿಯಾದರೂ ಕಮ್ಮಿ ಹಾಕಬಾರದಿತ್ತೇನ್ರೀ?”

“ಊರಲ್ಲಿ ಮುಖ ಮುಖ ನೋಡ್ಬೇಕಲ್ಲ ಸಾ. ಅವ್ರು ಬೇಜಾರ್ ಮಾಡ್ಕಳಲ್ವಾ?”

“ರದ್ದು!” ಎಂದು ಮೇಜು ಗುದ್ದಿದೆ. “ಮತ್ತೆ ಮೊದಲಿನಿಂದ ಟೆಂಡರು!”

ಕಿಟಕಿಯಲ್ಲಿ ಅಡುಗೆಯಮ್ಮ ನಿಂತಿದ್ದರು. ಸೊಂಟದ ಮೇಲೆ ಕೊಡ. ಎಲ್ಲ ಕೇಳಿಸಿಕೊಂಡಿದ್ದರು.

“ಯಾಕ್ ಸಾ ರದ್ದು? ಮೂವರ್ದೂ ಒಂದೇ ರೇಟು ತಾನೆ, ಮೂವರ್ಗೂ ಕೊಡಿ. ಒಬ್ರು ಟ್ಯಾಂಕು ಕಟ್ಲಿ, ಒಬ್ರು ಪೈಪು ಹಾಕ್ಲಿ.” ಕೊಡವನ್ನು ಕಿಟಕಿಕಟ್ಟೆಯ ಮೇಲೆ ಕುಕ್ಕಿದರು. “ಅಲ್ಲೀಗಂಟ ಇನ್ನೊಬ್ರು ಇದನ್ನ ಹೊರ್ಲಿ.”