ಕೊಲೆಯ ಕಲಮನ್ನು ಧಾಟಿಯಲ್ಲಿ ಹೇಳಿದ ಸೊಸೆಗೆ ಪ್ರವೇಶಪತ್ರ ಕೋರಿ

ಇಂದ,
ಕರಿ ಕೋಟು ಹೊಲಿಯುವ ಅಂಗಡಿಯ ಅತ್ತೆ,
ನ್ಯಾಯಾಲಯದ ಹಿಂದಿನ ಓಣಿ,
ಮೆಟ್ಟಿಲಿಳಿದು ಬರುವ ಕೋಣೆ.

ಗೆ,
ಮಾನ್ಯ ಪ್ರಾಂಶುಪಾಲರು,
ಸಂಜೆ ಕಾನೂನು ಕಾಲೇಜು.

ಮೂಲಕ: ಸೂಕ್ತ ಮಾರ್ಗ. (ಸೂಕ್ತ ಮಾರ್ಗವೆಂದರೆ ನನ್ನ ಮಗ. "ನನ್ನನ್ನ ಇದರಲ್ಲಿ ಎಳೀಬೇಡಮ್ಮ, ನಾನು ಇಬ್ಬರ ಜೊತೇನೂ ಬಾಳಬೇಕು" ಎಂದು ಅವನು ಸಹಿ ಹಾಕಲು ನಿರಾಕರಿಸಿರುವ ಕಾರಣ ನೇರವಾಗಿ ಸಲ್ಲಿಸಲಾಗಿದೆ.)

ವಿಷಯ: ಮೌಖಿಕ ಪರೀಕ್ಷೆಯಲ್ಲಿ ಅಪರಾಧ ಕಾನೂನನ್ನು ಧಾಟಿಯಲ್ಲಿ ಹೇಳಿದ ವಿದ್ಯಾರ್ಥಿನಿಗೆ, ಕ್ಷಮಾಪಣೆ ಕೇಳದೆ, ಕೊನೆಯ ಪರೀಕ್ಷೆಯ ಪ್ರವೇಶಪತ್ರ ನೀಡುವ ಕುರಿತು.

ಉಲ್ಲೇಖ: 1. ತಮ್ಮ ಸೂಚನಾ ಫಲಕಕ್ಕೆ ಅಂಟಿಸಿದ ನೋಟೀಸು.
2. ಅದನ್ನು ಓದಿ ಬಂದು ಸೊಸೆ ಆಡಿದ ಒಂದು ಮಾತು.
3. ಆಮೇಲಿಂದ ಅವಳು ಆಡದೇ ಉಳಿದ ಮಾತುಗಳು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ವಿನಯದಿಂದ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಕಾಲೇಜಿನ ಕೊನೆಯ ವರ್ಷದಲ್ಲಿ ಓದುತ್ತಿರುವ ನನ್ನ ಸೊಸೆಯು ಪರೀಕ್ಷಾ ಮಂಡಳಿಯನ್ನು "ಹಾಡಿ ಅಣಕಿಸಿದ್ದಾಳೆ" ಎಂಬ ಕಾರಣಕ್ಕೆ ಅವಳ ಪ್ರವೇಶಪತ್ರವನ್ನು ತಡೆಹಿಡಿಯಲಾಗಿದೆ. ನಾಳೆ ಸಂಜೆಯೊಳಗೆ ಲಿಖಿತ ಕ್ಷಮಾಪಣೆ ಕೊಡದಿದ್ದರೆ ಅವಳು ಪರೀಕ್ಷೆಗೆ ಕೂರುವಂತಿಲ್ಲ, ಒಂದು ವರ್ಷ ಹೋದಂತೆಯೇ. ಸೊಸೆ ಕ್ಷಮಾಪಣೆ ಬರೆಯುವುದಿಲ್ಲ ಎಂದಿದ್ದಾಳೆ. ಅವಳು ಇಲ್ಲ ಎಂದ ಮೇಲೆ ಇಲ್ಲ. ಇದನ್ನು ನಾನು ಅತ್ತೆಯಾದ ಹೊಸತರಲ್ಲೇ ಪರೀಕ್ಷಿಸಿ ನೋಡಿದ್ದೇನೆ. ಆದ್ದರಿಂದ ಪ್ರಕರಣದ ನಿಜಸ್ಥಿತಿಯನ್ನು ಈ ಕೆಳಗಿನಂತೆ ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

1. ಸದರಿ ಸೊಸೆ ವಕೀಲರ ಕರಿ ಕೋಟು ಹೊಲಿಯುವವಳು. ಒಂದು ದಿನ ಹಿರಿಯ ವಕೀಲರೊಬ್ಬರು ಅಳತೆ ಕೊಡಲು ಬಂದಿದ್ದಾಗ, ಬಾಯಲ್ಲಿದ್ದ ಗುಂಡುಸೂಜಿ ತೆಗೆದು, "ಸಾರ್, ಮಾಳಿಗೆಯವರು ನೆಲ ಒರೆಸಿದ ನೀರು ಕಿಟಕಿಯಿಂದ ಸುರೀತಾರೆ, ನಮ್ಮ ಬಟ್ಟೆ ಹಾಳಾಗುತ್ತೆ. ಇದಕ್ಕೆ ಕಾನೂನು ಏನನ್ನುತ್ತೆ?" ಎಂದು ಕೇಳಿದಳು. ವಕೀಲರು ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಳ್ಳುತ್ತಾ, "ನೀನು ತೋಳಿನ ಉದ್ದ ನೋಡಮ್ಮ, ಕಾನೂನು ನಾವು ನೋಡ್ಕೋತೀವಿ" ಎಂದರು. ಸೊಸೆ ತೋಳಿನ ಉದ್ದ ನೋಡಿದಳು. ಕೋಟು ಸರಿಯಾಗಿಯೇ ಕೂತಿತು. ಅದಾದ ಮೇಲೆ ತಮ್ಮ ಕಚೇರಿಗೆ ಬಂದು ಪ್ರವೇಶದ ಅರ್ಜಿ ತೆಗೆದುಕೊಂಡಳು.

2. ಓದುವುದು ಯಾವಾಗ ಎಂಬ ಪ್ರಶ್ನೆ ಹುಟ್ಟಿತು. ಸಂಜೆ ಕಾಲೇಜು, ಹಗಲೆಲ್ಲ ಹೊಲಿಗೆ ಯಂತ್ರ. ಕರಿ ಬಟ್ಟೆಯ ಮೇಲೆ ಕರಿ ನೂಲು ಓಡಿಸುವವಳು ಕಣ್ಣನ್ನು ಆಚೀಚೆ ಕಳಿಸುವಂತಿಲ್ಲ. ಖಾಲಿ ಇದ್ದದ್ದು ಅವಳ ಕಿವಿ ಮಾತ್ರ. ಮನೆಯಲ್ಲಿ ಖಾಲಿ ಬಾಯಿ ಯಾರದೆಂದು ಹುಡುಕಿದಾಗ ಎಲ್ಲರೂ ನನ್ನನ್ನು ನೋಡಿದರು. ಆದಕಾರಣ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

3. ಇಲ್ಲಿ ಒಂದು ಸಂಗತಿ ತಿಳಿಸಬೇಕು. ನಮ್ಮ ತಂದೆ ಪದ್ಯಗಳನ್ನು ಧಾಟಿ ಕಟ್ಟಿ ಓದುತ್ತಿದ್ದರು, ನಾನು ಅವರ ಹಿಂದೆ ಗೋಡೆಗೆ ಒರಗಿ ಕೇಳುತ್ತಾ ಅಕ್ಷರ ಕಲಿತೆ. ಹಾಗಾಗಿ ನನಗೆ ಧಾಟಿ ಇಲ್ಲದೆ ಓದಲು ಬರುವುದಿಲ್ಲ. ಔಷಧದ ಸೀಸೆಯ ಮೇಲಿನ ಚೀಟಿಯೂ ನನ್ನ ಬಾಯಲ್ಲಿ ಎರಡು ಸಾಲಿನ ಪದ್ಯವೇ ಆಗುತ್ತದೆ. ಕಾನೂನನ್ನು ಸಪಾಟಾಗಿ ಓದಲು ಮನಸ್ಸಿಟ್ಟು ಯತ್ನಿಸಿದೆ. ಮೊದಲ ಪುಟ ಮುಗಿಯುವುದರೊಳಗೆ ನನಗೆ ಉಸಿರು ಕಟ್ಟಿತು, ಸೊಸೆಗೆ ತೂಕಡಿಕೆ ಬಂತು. "ಅತ್ತೆ, ನಿಮ್ಮಪ್ಪ ಓದ್ತಿದ್ದ ಹಾಗೇ ಓದಿಬಿಡಿ. ಯಾರು ಕೇಳ್ತಾರೆ?" ಎಂದಳು. ಯಾರು ಕೇಳುತ್ತಾರೆಂಬುದು ಆಗ ನಮಗಿಬ್ಬರಿಗೂ ತಿಳಿದಿರಲಿಲ್ಲ.

ಹೀಗೆ ವಿಷಯಕ್ಕೊಂದು ಧಾಟಿ ನಿಗದಿಯಾಯಿತು. ಒಪ್ಪಂದದ ಕಾನೂನು ಸವಾಲು ಜವಾಬಿನ ಧಾಟಿಗೆ ತಾನಾಗಿಯೇ ಹೊಂದಿಕೊಂಡಿತು. ಒಂದು ಬೆಳಿಗ್ಗೆ ಮಗ ಚಹಾ ಕೇಳಿದ. "ಪ್ರಸ್ತಾಪ ಬಂತು. ಪ್ರತಿಫಲ ಏನು?" ಎಂದಳು ಸೊಸೆ. "ಬಾಯಾರಿಕೆ ಕಣೇ ಇದು, ಪ್ರಸ್ತಾಪ ಅಲ್ಲ" ಎಂದ ಮಗ. "ಹಾಗಾದ್ರೆ ಒಪ್ಪಂದ ಆಗಲ್ಲ." ಕೊನೆಗೆ ಕಸದ ಡಬ್ಬಿ ಹೊರಗೆ ಒಯ್ಯುವ ಷರತ್ತಿನ ಮೇಲೆ ಚಹಾ ಮಂಜೂರಾಯಿತು. ಅಪಕೃತ್ಯದ ಕಾನೂನು, ಅಂದರೆ ನೆರೆಯವರಿಗೆ ಹಾನಿಯಾಗದಂತೆ ನಡೆಯುವ ಹೊಣೆ, ವಿಳಂಬ ಲಯದ ಕರುಣೆಯ ಧಾಟಿಗೆ ಬಂತು. ಸೊಸೆ ಮಾಳಿಗೆ ಹತ್ತಿ ಉಪದ್ರವದ ಅಧ್ಯಾಯವನ್ನು ಹಾಗೇ ಹೇಳಿದಾಗ ಮಾಳಿಗೆಯಾಕೆ ಕೈಮುಗಿದು, "ಯಾವ ದೇವರ ಸ್ತೋತ್ರಾನಮ್ಮ ಇದು, ಕೇಳಿದ್ರೆ ಕರುಳು ಚುರುಕ್ ಅನ್ನುತ್ತೆ" ಎಂದಳು. ಆ ದಿನದಿಂದ ನೀರು ಬೀಳುವುದು ನಿಂತಿದೆ.

ಸಂವಿಧಾನಕ್ಕೆ ಬೆಳಗಿನ ಪ್ರಾರ್ಥನೆಯ ಧಾಟಿ ಕೊಟ್ಟದ್ದರಿಂದ ನನಗೆ ತೊಂದರೆಯಾಗಿದೆ ಎಂಬುದನ್ನು ಮರೆಮಾಚುವುದಿಲ್ಲ. ದೇವರ ಮುಂದೆ ಕಣ್ಣುಮುಚ್ಚಿ ಕೂತಾಗ ಎರಡನೆಯ ನುಡಿಯ ಹೊತ್ತಿಗೆ ನಾಲಗೆ ಮೂಲಭೂತ ಹಕ್ಕುಗಳ ಕಡೆ ಹೊರಳಿಬಿಡುತ್ತದೆ. ದೇವರಿಂದ ಈವರೆಗೆ ಆಕ್ಷೇಪಣೆ ಬಂದಿಲ್ಲ.

ಸಾಕ್ಷ್ಯದ ಕಾನೂನು ಮಾತ್ರ ನನ್ನ ಬುಡಕ್ಕೇ ಬಂತು. ಓಣಿಯ ಯಾವ ಸುದ್ದಿ ತಂದರೂ ಸೊಸೆ ಯಂತ್ರ ನಿಲ್ಲಿಸಿ, "ನೀವೇ ಕಣ್ಣಾರೆ ನೋಡಿದ್ರಾ ಅತ್ತೆ?" ಎನ್ನತೊಡಗಿದಳು. "ಇಡೀ ಓಣಿಗೇ ಗೊತ್ತು" ಎಂದರೆ, "ಓಣಿ ಬಂದು ಹೇಳ್ಲಿ." ನನ್ನ ಅರ್ಧ ಆಯುಸ್ಸಿನ ಮಾತು ಹೀಗೆ ತಿರಸ್ಕೃತವಾಯಿತು.

4. ಯಂತ್ರದ ಸದ್ದಿನಲ್ಲಿ ಓದಿದ್ದು ಕೇಳಿಸಿತೋ ಇಲ್ಲವೋ ತಿಳಿಯಬೇಕಲ್ಲ? ಅದಕ್ಕೆ ನಾವು ಒಂದು ಪದ್ಧತಿ ಇಟ್ಟುಕೊಂಡೆವು. ಸಾಲು ಮುಗಿದ ಕಡೆ ಓದುವವರು ನಿಲ್ಲಬೇಕು. ಕೇಳುವವರು "ಹೂಂ" ಎನ್ನಬೇಕು. ಹೂಂ ಬಾರದಿದ್ದರೆ ಕೇಳಿಸಿಲ್ಲವೆಂದು ತಿಳಿದು ಅದೇ ಸಾಲನ್ನು ಇನ್ನಷ್ಟು ಗಟ್ಟಿಯಾಗಿ ಓದಬೇಕು. ಪಾಠ ಒಪ್ಪಿಸುವಾಗ ಅವಳು ಹೇಳುವಳು, ನಾನು ಹೂಂಗುಟ್ಟುವೆ. ಇಷ್ಟು ವರ್ಷವೂ ಅವಳು ಕಾನೂನು ಹೇಳಿದ್ದೇ ಹೀಗೆ. ಇದರ ಹೊರತು ಬೇರೆ ಬಗೆ ಇದೆಯೆಂದು ಅವಳ ನಾಲಗೆಗೆ ತಿಳಿಯದು.

5. ಇನ್ನು ಕೃತ್ಯ ನಡೆದ ದಿನಕ್ಕೆ ಬರುತ್ತೇನೆ. ಸದರಿ ದಿನ ನಾನು ಮೌಖಿಕ ಪರೀಕ್ಷೆಯ ಕೊಠಡಿಯ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಅದರ ಕೆಳಗಿನ ತಿರುಗಣೆ ಸಡಿಲವಾಗಿದೆ. (ದುರಸ್ತಿಗಾಗಿ ಗಮನಕ್ಕೆ ತರಲಾಗಿದೆ.) ಆದ್ದರಿಂದ ಇದು ಅವರಿವರು ಹೇಳಿದ ಮಾತಲ್ಲ. ಕಿವಿಗೆ ಬಿದ್ದ ಸಂಗತಿಗೆ, ಅದನ್ನು ಕೇಳಿಸಿಕೊಂಡವರೇ ನೇರ ಸಾಕ್ಷಿ.

ಮಂಡಳಿಯ ಅಧ್ಯಕ್ಷರು, "ಕೊಲೆಗೂ, ಕೊಲೆ ಎನಿಸದ ನರಹತ್ಯೆಗೂ ಏನು ವ್ಯತ್ಯಾಸ?" ಎಂದು ಕೇಳಿದರು. ಅಪರಾಧ ಕಾನೂನಿಗೆ ನಾವು ಕೊಟ್ಟದ್ದು ಯುದ್ಧದ ಧಾಟಿ. ಸೊಸೆಯ ಕಾಲು ನೆಲ ತುಳಿದದ್ದು ಕೇಳಿಸಿತು. ಪಾಪ, ಯಂತ್ರವಿದೆ ಎಂದುಕೊಂಡಿರಬೇಕು. ಆಮೇಲೆ ಮೊದಲ ಸಾಲನ್ನು ಎತ್ತಿಕೊಂಡು, ತಪ್ಪಿಲ್ಲದೆ ಹೇಳಿ, ನಿಂತಳು.

ಹೂಂ ಬರಲಿಲ್ಲ.

ಕೇಳಿಸಿಲ್ಲವೆಂದು ತಿಳಿದು ಅದೇ ಸಾಲನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿದಳು. ಮತ್ತೆ ನಿಂತಳು. ಅಧ್ಯಕ್ಷರು, "ಏನಮ್ಮ ಇದು?" ಎಂದರು. ಅದು ಹೂಂ ಅಲ್ಲ. ಆದಕಾರಣ ಮತ್ತೂ ಗಟ್ಟಿಯಾಗಿ ಹೇಳಿದಳು. ಪಕ್ಕದ ಕೊಠಡಿಯ ಅಧ್ಯಾಪಕರೊಬ್ಬರು ಹೊರಬಂದು ನೋಡಿದರು. ಹೊರಗಿನಿಂದ ನಾನೇ ಹೂಂ ಎಂದುಬಿಡೋಣವೆಂದು ಬಾಯಿ ತೆರೆದೆ, ಪರೀಕ್ಷೆಯಲ್ಲಿ ಹೇಳಿಕೊಟ್ಟಂತಾದೀತೆಂದು ಸೆರಗು ಬಾಯಿಗೊತ್ತಿಕೊಂಡೆ. ಕೊನೆಗೆ ಒಳಗಿದ್ದ ಸಾಕ್ಷ್ಯದ ಕಾನೂನಿನ ಅಧ್ಯಾಪಕಿಯವರು ತಡೆಯಲಾರದೆ "ಹೂಂ" ಎಂದರು. ಅಷ್ಟೇ ಸಾಕಾಯಿತು. ಸೊಸೆ ಕೊಲೆಯನ್ನೂ ಅದರ ವಿನಾಯಿತಿಗಳನ್ನೂ ಸರಾಗವಾಗಿ ಮುಗಿಸಿ, ಆತ್ಮರಕ್ಷಣೆಯೊಳಕ್ಕೆ ಅರ್ಧ ದೂರ ಹೋದಳು. ಅಧ್ಯಕ್ಷರು ಮೇಜು ತಟ್ಟಿದರು. ಅವಳು ಅದನ್ನು ತಾಳವೆಂದು ತಿಳಿದು ಸ್ವಲ್ಪ ವೇಗ ಹೆಚ್ಚಿಸಿದಳು.

6. ತಾವೇ ಕಲಿಸಿರುವಂತೆ, ಕೃತ್ಯವೊಂದೇ ಇದ್ದರೆ ಅಪರಾಧವಾಗುವುದಿಲ್ಲ, ದುರುದ್ದೇಶವೂ ಇರಬೇಕು. ಅಣಕಿಸುವವಳು ಮುಖ ನೋಡಿ ನಗುತ್ತಾಳೆ. ಸೊಸೆ ನಗಲಿಲ್ಲ. ಉತ್ತರದಲ್ಲಿ ಒಂದಕ್ಷರ ತಪ್ಪಿಲ್ಲವೆಂಬುದನ್ನು ನೋಟೀಸೂ ಅಲ್ಲಗಳೆದಿಲ್ಲ. ಹೂಂ ಎಂದ ಅಧ್ಯಾಪಕಿಯವರನ್ನು ವಿಚಾರಿಸಿದರೆ ಅವರೂ ನಿಜ ಹೇಳುತ್ತಾರೆಂದು ನಂಬಿದ್ದೇನೆ.

7. ನೋಟೀಸು ಓದಿ ಬಂದ ಸಂಜೆ ಮಗ ಸಮಾಧಾನಕ್ಕೆ ಇಳಿದ. "ಎರಡು ಸಾಲು ಗೀಚಿ ಕೊಡೇ ಮಾರಾಯ್ತಿ. ತಪ್ಪಾಯ್ತು ಅಂದ್ರೆ ನಿನ್ನ ಗಂಟೇನು ಹೋಗುತ್ತೆ?"

ಸೊಸೆ ಯಂತ್ರದ ಮೇಲೆ ಬಟ್ಟೆ ಮುಚ್ಚುತ್ತಾ, "ಅಣಕಿಸಿಲ್ಲ ಅಂತ ಗೊತ್ತಿದ್ದೂ ಅಣಕಿಸಿದೆ ಅಂತ ಬರೆದುಕೊಟ್ರೆ ಅದು ಸುಳ್ಳು ಹೇಳಿಕೆ. ನಾನು ಕಾನೂನಿಗೆ ಕೊಡೋ ಮೊದಲನೇ ಹೇಳಿಕೆ ಸುಳ್ಳಾಗಬೇಕಾ?" ಎಂದಳು.

"ಅಮ್ಮ, ನೀನಾದ್ರೂ ಹೇಳು."

"ನಾನೇನಪ್ಪ ಹೇಳಲಿ, ಕಲಮು ಅವಳ ಕಡೆ ಇದೆ" ಎಂದೆ.

"ಸರಿಹೋಯ್ತು. ಇಬ್ಬರೂ ಒಂದೇ ಕಡೆ ಸೇರಿದ ಮೇಲೆ ನನ್ನದು ಪರಾಜಿತ ಪಕ್ಷ" ಎಂದು ಅವನು ಮುಸುಕೆಳೆದು ಮಲಗಿದ.

8. ಮಾನ್ಯರೇ, ಒಂದು ಮಾತು ಕಾನೂನಿಗೆ ಸೇರಿದ್ದೋ ಅಲ್ಲವೋ ತಿಳಿಯದು, ಆದರೂ ಬರೆಯುತ್ತೇನೆ. ಅವಳು ಮನೆಗೆ ಬಂದ ಮೇಲೆ ವರ್ಷಗಟ್ಟಲೆ ನಾವಿಬ್ಬರೂ ಹಾಲು ಕಾಯಿತು, ಬಟ್ಟೆ ಒಣಗಿತು ಎಂಬಷ್ಟು ಮಾತಿನಲ್ಲೇ ಸಂಸಾರ ತೂಗಿಸಿದ್ದೆವು. ಜಗಳವಿರಲಿಲ್ಲ. ಜಗಳಕ್ಕೆ ಬೇಕಾಗುವಷ್ಟು ಪರಿಚಯವೂ ಇರಲಿಲ್ಲ. ಕೌಟುಂಬಿಕ ಕಾನೂನು ಓದುವಾಗ ಜೀವನಾಂಶದ ಅಧ್ಯಾಯ ಬಂತು. ತಾಯಿಯನ್ನು ಮಗ ನೋಡಿಕೊಳ್ಳಬೇಕು, ಮಗಳು ನೋಡಿಕೊಳ್ಳಬೇಕು ಎಂದೆಲ್ಲ ಇತ್ತು. ಅತ್ತೆಯ ಹೊಣೆಯನ್ನು ಸೊಸೆಯ ಮೇಲೆ ಹಾಕಿದ ಸಾಲು ಎಲ್ಲಾದರೂ ಇದೆಯೇ ಎಂದು ನನ್ನ ಕಣ್ಣು ಮುಂದೆ ಮುಂದೆ ಓಡಿತು. ಇರಲಿಲ್ಲ. ನನ್ನ ಧಾಟಿ ಅಲ್ಲೇ ತೊಡರಿತು. ಯಂತ್ರ ನಿಂತಿತು. "ಯಾಕೆ ನಿಲ್ಲಿಸಿದ್ರಿ?" ಎಂದಳು. "ಇದರಲ್ಲಿ ನಾನಿಲ್ಲ ಕಣೆ" ಎಂದೆ. ಅವಳು ದಾರವನ್ನು ಹಲ್ಲಿನಿಂದ ಕಡಿದು, "ಅದು ಕಾನೂನು ಮರೆತಿರೋದು. ನಾನಲ್ಲ. ಮುಂದೆ ಓದಿ" ಎಂದಳು. ನಾನು ಮುಂದೆ ಓದಿದೆ. ಆಸ್ತಿಯ ಕಾನೂನಿಗೆ ಬರುವ ಹೊತ್ತಿಗೆ ನಾವು ಓದಿದ್ದಕ್ಕಿಂತ ಹರಟಿದ್ದೇ ಹೆಚ್ಚು.

ಈಗ ಪರಿಸ್ಥಿತಿ ಹೀಗಿದೆ. ಉಳಿದಿರುವುದು ನ್ಯಾಯಶಾಸ್ತ್ರ, ನ್ಯಾಯವೆಂದರೇನು ಎಂದು ಕೇಳುವ ವಿಷಯ. ನೋಟೀಸು ಬಂದ ಮೇಲೂ ನಾನು ಬೆಳಿಗ್ಗೆ ಎಂದಿನಂತೆ ಪುಸ್ತಕ ತೆರೆದು ಕೂರುತ್ತೇನೆ. ಸೊಸೆ ಯಂತ್ರ ತುಳಿಯುತ್ತಾಳೆ, ತಲೆಯೆತ್ತುವುದಿಲ್ಲ. ನಾನು ಮೊದಲ ಸಾಲು ಓದಿ ನಿಲ್ಲುತ್ತೇನೆ. ಹೂಂ ಬರುವುದಿಲ್ಲ. ಪದ್ಧತಿಯ ಪ್ರಕಾರ ಅದೇ ಸಾಲನ್ನು ಮತ್ತೆ ಓದುತ್ತೇನೆ. ನ್ಯಾಯಶಾಸ್ತ್ರದಲ್ಲಿ ನಾನು ಇನ್ನೂ ಮೊದಲ ಸಾಲಿನಲ್ಲೇ ಇದ್ದೇನೆಂದು ತಿಳಿಸಲು ವಿಷಾದಿಸುತ್ತೇನೆ. ಮಾಳಿಗೆಯಾಕೆ ಕೂಡ ಇಳಿದು ಬಂದು, "ಇದೊಂದು ಸ್ತೋತ್ರ ಯಾಕೆ ಮುಂದೆ ಹೋಗ್ತಿಲ್ಲ?" ಎಂದು ವಿಚಾರಿಸಿ ಹೋದಳು.

9. ಆದ್ದರಿಂದ, ಮೇಲೆ ವಿವರಿಸಿದ ಕಾರಣಗಳಿಂದಾಗಿಯೂ, ದುರುದ್ದೇಶವಿಲ್ಲದ ಕಾರಣವಾಗಿಯೂ, ಉತ್ತರ ಸರಿಯಿದ್ದ ಕಾರಣವಾಗಿಯೂ ತಾವು ದಯಮಾಡಿ

(ಅ) ಕ್ಷಮಾಪಣೆಯ ಷರತ್ತನ್ನು ಹಿಂತೆಗೆದುಕೊಂಡು ನಾಳೆಯೇ ಪ್ರವೇಶಪತ್ರ ಕೊಡಿಸಬೇಕು;

(ಆ) ಮಂಡಳಿಗೆ ಇನ್ನೂ ಸಂಶಯವಿದ್ದರೆ ಅವಳನ್ನು ಮತ್ತೊಮ್ಮೆ ಕರೆದು, ಯಾವ ಕಾನೂನಿನ ಯಾವ ಭಾಗವನ್ನಾದರೂ ಕೇಳಬೇಕು, ಆಗ ಕೊಠಡಿಯಲ್ಲಿ ಯಾರೂ ಮೇಜು ತಟ್ಟಬಾರದು;

(ಇ) ಪ್ರವೇಶಪತ್ರವನ್ನು ಅಂಚೆಗೆ ಹಾಕದೆ ಅವಳ ಕೈಗೇ ಕೊಡಬೇಕು. ಅಂಚೆಯಲ್ಲಿ ಬಂದರೆ ಅದು ನನ್ನ ಕೈಗೆ ಸಿಗುತ್ತದೆ. ನಾನೇ ಮೊದಲು ಓದಿಬಿಡುತ್ತೇನೆ, ಓದಿದರೆ ಹೇಗೆ ಓದುತ್ತೇನೆಂದು ತಮಗೆ ಈಗಾಗಲೇ ತಿಳಿದಿದೆ.

ಈ ಅರ್ಜಿ ಸೊಸೆಗೆ ತಿಳಿಯದಂತೆ ಬರೆದದ್ದು. "ನನ್ನ ಪರವಾಗಿ ನೀವ್ಯಾಕೆ ಅರ್ಜಿ ಹಾಕಿದಿರಿ, ನಿಮಗೇನು ಹಕ್ಕಿದೆ?" ಎಂದು ಅವಳು ಕೇಳುವುದು ಖಚಿತ. ಅದಕ್ಕೆ ಉತ್ತರ ಯಾವ ವಿಷಯದಲ್ಲಿದೆಯೋ ಹುಡುಕುತ್ತಿದ್ದೇನೆ.

ಇಷ್ಟನ್ನೂ ತಾಳ್ಮೆಯಿಂದ ಓದಿದ್ದಕ್ಕೆ ಕೈಮುಗಿಯುವ,

ತಮ್ಮ ವಿಶ್ವಾಸಿ,
(ಸಹಿ)
ಸೊಸೆಯ ಅತ್ತೆ

ಲಗತ್ತುಗಳು:
1. ನೋಟೀಸಿನ ನಕಲು. ಫಲಕದಿಂದ ಕಿತ್ತದ್ದಲ್ಲ, ನಿಂತು ಬರೆದುಕೊಂಡದ್ದು.
2. ಮಾಳಿಗೆಯಾಕೆಯ ಹೇಳಿಕೆ. ಸ್ತೋತ್ರದಲ್ಲಿ ಅಣಕವೇನೂ ಇರಲಿಲ್ಲವೆಂದು ಹೆಬ್ಬೆಟ್ಟು ಒತ್ತಿದ್ದಾಳೆ.
3. ಮಂಡಳಿಯ ಅಧ್ಯಕ್ಷರ ಕರಿ ಕೋಟು, ಒಂದು. ತೋಳಿನ ಒಳಬಟ್ಟೆಯ ಅಸ್ತರು ಬದಲಿಸಲು ಅವರೇ ಜವಾನನ ಕೈಲಿ ಕಳಿಸಿದ್ದು. ನೋಟೀಸು ಬಂದ ಮರುದಿನವೇ ಸೊಸೆ ಹೊಲಿದು ಮುಗಿಸಿದ್ದಾಳೆ. ಅಸ್ತರಿಗೂ ಪ್ರಕರಣಕ್ಕೂ ಸಂಬಂಧವಿಲ್ಲವೆಂದು ಅವಳ ಅಭಿಪ್ರಾಯ. ನನ್ನ ಅಭಿಪ್ರಾಯ ಬೇರೆಯಿತ್ತು, ಅದನ್ನು ಪರಿಗಣಿಸಲಾಗಿಲ್ಲ.

ವಿಶೇಷ ಕೋರಿಕೆ: ಮೇಲಿನ ಅರ್ಜಿ ತಿರಸ್ಕೃತವಾದಲ್ಲಿ ಸೊಸೆ ಮುಂದಿನ ವರ್ಷ ಮತ್ತೆ ಬರಬೇಕಾಗುತ್ತದೆ, ಒಬ್ಬಳೇ ಬರಲು ಅವಳು ಒಪ್ಪಲಾರಳು. ಆದಕಾರಣ ಅದೇ ಆದೇಶದಲ್ಲಿ ನನಗೂ ಮೊದಲ ವರ್ಷಕ್ಕೆ ಪ್ರವೇಶ ಮಂಜೂರು ಮಾಡಬೇಕಾಗಿ ಪ್ರಾರ್ಥನೆ. ವಯಸ್ಸಿನ ಮಿತಿ ಇಲ್ಲವೆಂದು ತಮ್ಮ ಗುಮಾಸ್ತರು ತಿಳಿಸಿದ್ದಾರೆ. ಕೇಳುತ್ತಿರುವುದು ಯಾರಿಗಾಗಿ ಎಂದು ಅವರು ವಿಚಾರಿಸಲಿಲ್ಲ. ಮೌಖಿಕ ಪರೀಕ್ಷೆಗೆ ನನ್ನನ್ನು ಎಲ್ಲರಿಗಿಂತ ಕೊನೆಯಲ್ಲಿ ಕರೆಯುವುದು ಮಂಡಳಿಗೆ ಅನುಕೂಲ. ನನ್ನ ಧ್ವನಿ ಸೊಸೆಯದಕ್ಕಿಂತ ದೊಡ್ಡದು.