ಮಾಜಿಗಳ ಗೋಡೆ

ಏಳು ಫೋಟೋಗಳಿಗೆ ಕಟ್ಟು ಹಾಕಿ ಕೊಡು ಎಂದರೆ ಫೋಟೋ ಅಂಗಡಿಯವನು ಎಂಟಕ್ಕೆ ಹಾಕಿ ಕಳಿಸಿದ. ಆ ದಿನದ ರಾಮಾಯಣಕ್ಕೆಲ್ಲ ಮೂಲ ಇಷ್ಟೇ.

ಆ ಅಂಟು ಕಂಪನಿಯ ಸಂಶೋಧನಾಲಯಕ್ಕೆ ಅಲ್ಲಿಯವರೆಗೆ ಏಳು ನಿರ್ದೇಶಕರು ಬಂದು ಹೋಗಿದ್ದರು. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ. ಇವರೂ ಹಾಗೇ ಒಗೆದಿದ್ದರು. ಮೊದಲನೆಯವರು ಎಂದೂ ಬಿಡದ ಅಂಟು ಬೇಕೆಂದು ಅಂಟಿಸುವ ವಿಭಾಗ ತೆರೆದರು. ಬಿಡದಿದ್ದರೆ ಗಿರಾಕಿ ಮತ್ತೆ ಯಾಕೆ ಬರುತ್ತಾನೆ ಎಂದು ಎರಡನೆಯವರು ಬಿಡಿಸುವ ವಿಭಾಗ ತೆರೆದರು. ಮೂರನೆಯವರು ಎರಡನ್ನೂ ಒಂದು ಮಾಡಿದರು, ನಾಲ್ಕನೆಯವರು ಮತ್ತೆ ಬೇರೆ ಮಾಡಿದರು. ಐದನೆಯವರು ಸಭಾಂಗಣವನ್ನೇ ಸೀಳಿ, ಅರ್ಧ ಇಟ್ಟಿಗೆಯ ಗೋಡೆ ಎಬ್ಬಿಸಿ, ತಮಗೊಂದು ಕೋಣೆ ಮಾಡಿಕೊಂಡರು. ಆರನೆಯವರು ಬಾಗಿಲುಗಳಿಗೆ ಬೇರೆ ಬಣ್ಣ ಹೊಡೆಸಿ ಹೊಸ ಯುಗ ಬಂತೆಂದರು. ಏಳನೆಯವರು ಕುರ್ಚಿಯ ಎತ್ತರ ಸರಿಮಾಡಿಕೊಳ್ಳುವುದರೊಳಗೆ ಎದ್ದು ಹೋಗಬೇಕಾಯಿತು. ಈಗಿರುವವರು ಎಂಟನೆಯವರು.

ಇಷ್ಟೂ ಜನರನ್ನು ಬರಮಾಡಿಕೊಂಡವನು, ಬೀಳ್ಕೊಟ್ಟವನು, ಕಚೇರಿಯ ಹಂಗಾಮಿ ಮೇಲ್ವಿಚಾರಕ. ಅವನನ್ನು ಎಲ್ಲರೂ ಕರೆಯುತ್ತಿದ್ದುದೂ ಹಂಗಾಮಿ ಎಂದೇ. ಅವನನ್ನು ಖಾಯಂ ಮಾಡುವ ಫೈಲನ್ನು ಏಳೂ ಜನ "ಮುಂದಿನ ವಾರ ನೋಡೋಣ" ಎಂದಿದ್ದರು; ಮುಂದಿನ ವಾರಕ್ಕೆ ಅವರೇ ಇರುತ್ತಿರಲಿಲ್ಲ. ಖಾಯಂ ಆದರೆ ಕಂಪನಿಯ ಕ್ವಾರ್ಟರ್ಸು, ಕ್ವಾರ್ಟರ್ಸು ಸಿಕ್ಕರೆ ಮಾವನ ಮನೆಯ ಮಹಡಿಯಿಂದ ಬಿಡುಗಡೆ. ಮಾವನವರು ದಿನಾ ಸಂಜೆ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತು, "ಏನ್ ಅಳಿಯಂದ್ರೇ, ಇನ್ನೂ ಹಂಗಾಮೀನಾ?" ಎಂದು ಕೇಳುತ್ತಿದ್ದರು. ಮನೆಯ ತಿರುವು ಕಂಡರೇ ಅಳಿಯ ಬೀದಿಗೆ ಇನ್ನೊಂದು ಸುತ್ತು ಹಾಕಿ ಬರುತ್ತಿದ್ದ.

ಆ ದಿನ ಬೆಳಿಗ್ಗೆ ಎಂಟನೆಯವರು ಅವನನ್ನು ಕರೆದರು.

"ಸಂಜೆ ಅಧ್ಯಕ್ಷರು ಬರ್ತಾರೆ. ಸಭಾಂಗಣದಲ್ಲಿ ಮಾಜಿಗಳ ಫೋಟೋ ಸಾಲಾಗಿರಬೇಕು. ಮೊಳೆ ಹೊಡೀಬೇಡಿ, ನಮ್ಮ ಹೊಸ ಅಂಟಲ್ಲೇ ಅಂಟಿಸಿ. ಅಷ್ಟು ಮಾಡಿ, ಅವರು ಬರೋದ್ರೊಳಗೆ ನಿಮ್ಮ ಫೈಲಿಗೆ ಸಹಿ ಹಾಕ್ತೀನಿ."

ಹಂಗಾಮಿ ಓಡಿದ. ಗಾಜಿಗೆ ಕಲೆಯಾದೀತೆಂದು ಪೇಪರು ಸುತ್ತಿದ ಹಾಗೇ ಚೌಕಟ್ಟುಗಳ ಬೆನ್ನಿಗೆ ಅಂಟು ಬಳಿದ, ಸಾಲಾಗಿ ಒತ್ತಿದ. ಆಮೇಲೆ ಪೇಪರು ಬಿಚ್ಚುತ್ತ ಬಂದ. ಏಳನೆಯದರ ಪಕ್ಕ ಇನ್ನೊಂದು. 'ನಮ್ಮ ಮಾಜಿ ನಿರ್ದೇಶಕರು' ಎಂಬ ಹಿತ್ತಾಳೆ ಅಕ್ಷರಗಳ ಕೆಳಗೆ ಈಗಿನ ನಿರ್ದೇಶಕರು ಹಲ್ಲು ಬಿಟ್ಟುಕೊಂಡು ನಗುತ್ತಿದ್ದರು.

ಫೋಟೋ ಅಂಗಡಿಯವನಿಗೆ ಫೋನು ಹೋಯಿತು. "ನೀವು ಕೊಟ್ಟ ಕವರಲ್ಲಿ ಎಂಟಿತ್ತಲ್ಲ ಸಾರ್! ಇರ್ಲಿ ಬಿಡಿ, ಹೇಗೂ ಒಂದಿನ ಬೇಕಾಗುತ್ತೆ" ಎಂದ ಅವನು.

ಹಂಗಾಮಿ ಚೌಕಟ್ಟನ್ನು ಜಗ್ಗಿದ. ಅದು ಜಪ್ಪಯ್ಯ ಎನ್ನಲಿಲ್ಲ. ಸದ್ದು ಕೇಳಿ ಬಂದ ಅಂಟಿಸುವ ವಿಭಾಗದ ಮುಖ್ಯಸ್ಥೆ ತಾವೂ ಜೋತುಬಿದ್ದು ನೋಡಿದರು.

"ಬರ್ತಾ ಇಲ್ವಾ? ಅಯ್ಯೋ ದೇವರೇ, ನಿಜವಾಗ್ಲೂ ಬರ್ತಾ ಇಲ್ಲ! ಎಲ್ರೂ ಬನ್ರೋ, ಅಂಟ್ಕೊಂಡಿದೆ!"

ಲ್ಯಾಬಿನಲ್ಲಿ ಅಲ್ಲಿಯವರೆಗೆ ಒಂದು ಸಲವೂ ಹಿಡಿಯದಿದ್ದ ಅಂಟು ಅದು. ವಿಭಾಗಕ್ಕೆ ವಿಭಾಗವೇ ಬಂದು ಗೋಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡಿತು. ಒಬ್ಬ ವಿಜ್ಞಾನಿ ಕಣ್ಣೊರೆಸಿಕೊಂಡ. ಹಂಗಾಮಿಗೂ ಅಳು ಬರುತ್ತಿತ್ತು, ಕಾರಣ ಬೇರೆ.

ಕೊನೆಗೆ ಬಿಡಿಸುವ ವಿಭಾಗದ ಮುಖ್ಯಸ್ಥನನ್ನು ಕರೆತರಬೇಕಾಯಿತು. ಎರಡು ವಿಭಾಗಗಳದೂ ಎಣ್ಣೆ ಸೀಗೇಕಾಯಿ ಸಂಬಂಧ. ಅವನು ಮುಖ್ಯಸ್ಥೆಯ ಕಡೆ ನೋಡದೆ, "ಇದೇನ್ ಮಹಾ, ಎರಡು ಹನಿ ಸಾಕು" ಎಂದು ಸೀಸೆ ತೆರೆದ. ಎರಡು ಹನಿಗೆ ಗೋಡೆಯ ಬಣ್ಣ ಹೋಯಿತು. ನಾಲ್ಕಕ್ಕೆ ಚೌಕಟ್ಟಿನ ಮೆರುಗು ಹೋಯಿತು. ಸೀಸೆ ಖಾಲಿಯಾದಾಗ ಹಂಗಾಮಿಯ ತೋಳಿನ ಗುಂಡಿಗಳೂ ಕರಗಿದ್ದವು. ನಿರ್ದೇಶಕರು ಮಾತ್ರ ಅಲ್ಲೇ ನಗುತ್ತಿದ್ದರು.

"ಮೇಲೊಂದು ಕ್ಯಾಲೆಂಡರ್ ಹಾಕಿ ಮುಚ್ಚಿಬಿಡಿ" ಎಂದರು ಲೆಕ್ಕಪತ್ರದ ಮೇಡಂ.

"ಕ್ಯಾಲೆಂಡರ್ ನಿಲ್ಲೋದಕ್ಕೆ ಮೊಳೆ ಹೊಡೀಬೇಕಲ್ಲ ಮೇಡಂ? ಮೊಳೆ ಬೇಡ ಅಂದಿದಾರೆ, ಅಂಟು ಖಾಲಿ!" ಎಂದ ಹಂಗಾಮಿ.

ಹೊತ್ತು ಇಳಿಯುತ್ತಿತ್ತು. ಹಿಂದುಗಡೆ ಕಟ್ಟಡ ರಿಪೇರಿ ಮಾಡುತ್ತಿದ್ದ ಗಾರೆಯವನು ಬಂದು ಗೋಡೆ ತಟ್ಟಿ ನೋಡಿದ. "ಅಂಟು ಬಿಡಲ್ಲ ಸಾರ್. ಗೋಡೆ ಬಿಡುತ್ತೆ" ಎಂದು ಉಳಿ ಇಟ್ಟ.

ಎರಡನೇ ಏಟಿಗೆ ಗೋಡೆಯಾಚೆಯ ನಿರ್ದೇಶಕರ ಕೋಣೆಯಿಂದ ಫೋನು ಬಂತು. "ಏನ್ರೀ ಅದು ಸದ್ದು?"

"ಅಂಟಿನ ಪರೀಕ್ಷೆ ಸಾರ್" ಎಂದ ಹಂಗಾಮಿ, ಬೆವರೊರೆಸಿಕೊಂಡು.

"ಭೇಷ್. ನಿಮ್ಮ ಫೈಲೇ ತೆಗೀತಾ ಇದೀನಿ."

ಆ ಮಾತು ಕಿವಿಗೆ ಬಿದ್ದ ಸಂತೋಷದಲ್ಲಿ ಹಂಗಾಮಿ ತಾನೂ ಸುತ್ತಿಗೆ ಹಿಡಿದು ಒಂದು ಏಟು ಬಲವಾಗಿಯೇ ಕೊಟ್ಟ. ಚೌಕಟ್ಟು ಗಾರೆಯ ಸಮೇತ ಕಳಚಿ ಈಚೆ ಬಂತು. ಇಟ್ಟಿಗೆಗಳು ಆಚೆ ಬಿದ್ದವು. ಗೋಡೆಯಲ್ಲಿ ಚೌಕಾಕಾರದ ತೂತಾಯಿತು. ಧೂಳಿನ ನಡುವೆ ಆ ತೂತಿನಲ್ಲಿ ಒಂದು ಮುಖ ಕಾಣಿಸಿಕೊಂಡಿತು.

"ಯಾರ್ರೀ ಅದು? ಪೆನ್ನಿನ ಮುಚ್ಚಳ ತೆಗೆದಿದ್ದೆ, ಇಟ್ಟಿಗೆ ಬಂದು ಫೈಲಿನ ಮೇಲೆ ಬಿತ್ತಲ್ರೀ!"

ಅದೇ ಹೊತ್ತಿಗೆ ಅಧ್ಯಕ್ಷರು ಸಭಾಂಗಣದೊಳಗೆ ಕಾಲಿಟ್ಟರು. ಏಳು ಫೋಟೋಗಳನ್ನು ನಿಧಾನವಾಗಿ ನೋಡುತ್ತ ಬಂದು, ಎಂಟನೆಯದರ ಮುಂದೆ ನಿಂತರು. ಅದು ಕಣ್ಣು ಪಿಳಿಪಿಳಿ ಮಾಡಿತು.

"ಪರವಾಗಿಲ್ವೇ!" ಎಂದರು ಅಧ್ಯಕ್ಷರು. "ತೀರ್ಮಾನ ಆಗಿದ್ದು ಮಧ್ಯಾಹ್ನದ ಸಭೇಲಿ. ನಾನೇ ಬಂದು ಹೇಳೋಣ ಅಂತಿದ್ದೆ, ಇಲ್ಲಿ ಆಗಲೇ ಗೊತ್ತಾಗಿದೆ." ಆಮೇಲೆ ತೂತಿನ ಕಡೆ ತಿರುಗಿ, "ನಿಮ್ಮನ್ನ ಬಿಡುಗಡೆ ಮಾಡಿದೀವಿ. ಇನ್ನು ಯಾವುದಕ್ಕೂ ಸಹಿ ಹಾಕಬೇಡಿ" ಎಂದರು.

ಮುಖ ಮಾಯವಾಯಿತು. ಪೆನ್ನಿನ ಮುಚ್ಚಳ ಹಾಕಿದ ಸದ್ದು ಕೇಳಿಸಿತು. ಹಂಗಾಮಿ ಕೈಯಲ್ಲಿದ್ದ ಚೌಕಟ್ಟು ನೋಡಿದ. ಬೆಳಿಗ್ಗೆಯಿಂದ ಅದು ಗೋಡೆಯ ಮೇಲೆ ಇರಬೇಕಾದ ಜಾಗದಲ್ಲೇ ಇತ್ತು.

"ಹೊಸಬರು ಸಿಗೋ ತನಕ ಹಳಬರು ಯಾರಾದ್ರೂ ನೋಡ್ಕೊಳ್ಳಲಿ. ಯಾರಿದೀರಿ?" ಎಂದರು ಅಧ್ಯಕ್ಷರು.

ಬಿಡಿಸುವವನಿಗೆ ಹೋಗಬಾರದೆಂದು ಮುಖ್ಯಸ್ಥೆ ಹಂಗಾಮಿಯತ್ತ ಬೆರಳು ತೋರಿಸಿದರು. ಅಂಟಿಸುವವಳಿಗೆ ಹೋಗಬಾರದೆಂದು ಮುಖ್ಯಸ್ಥನೂ ಅವನನ್ನೇ ತೋರಿಸಿದ. ಆ ಎರಡು ವಿಭಾಗಗಳು ಒಪ್ಪಿದ ಮೊದಲ ವಿಷಯ ಅದು. "ಸರಿ, ಅಲ್ಲಿವರೆಗೆ ಇವರೇ ಹಂಗಾಮಿ ನಿರ್ದೇಶಕರು" ಎಂದು ಅಧ್ಯಕ್ಷರು ಹೊರಟರು.

ಅಧ್ಯಕ್ಷರ ಕಾರು ಗೇಟು ದಾಟಿತೋ ಇಲ್ಲವೋ, ಹಂಗಾಮಿ ಓಡಿ ನಿರ್ದೇಶಕರ ಕೋಣೆಗೆ ನುಗ್ಗಿ, ಫೈಲಿನ ಮೇಲಿನ ಇಟ್ಟಿಗೆ ತೆಗೆದಿಟ್ಟು, ಪೆನ್ನು ಹಿಡಿದ. ಲೆಕ್ಕಪತ್ರದ ಮೇಡಂ ತೂತಿನಿಂದ ಇಣುಕಿದರು.

"ಸಾರ್, ತಮ್ಮ ಫೈಲಿಗೆ ತಾವೇ ಸಹಿ ಹಾಕೋ ಹಾಗಿಲ್ಲ. ಅದಕ್ಕೆ ಖಾಯಂ ನಿರ್ದೇಶಕರೇ ಬರಬೇಕು."

ಅವರು ಅವನನ್ನು ಸಾರ್ ಎಂದದ್ದು ಅದೇ ಮೊದಲು. ಅವನಿಗೆ ಅದು ರುಚಿಸಲಿಲ್ಲ.

ಸಂಜೆ ಗೇಟಿನ ಹತ್ತಿರ ಮಾವನವರು ಬಾಯಿ ತೆರೆಯುವ ಮೊದಲೇ ಅವನು ಹೇಳಿಬಿಟ್ಟ: "ನಿರ್ದೇಶಕ ಆದೆ, ಮಾವ."

ಮಾವನವರು ತಟ್ಟನೆ ಎದ್ದರು. ತಮ್ಮ ಕುರ್ಚಿಯನ್ನು ಅವನ ಕಡೆ ಸರಿಸಿದರು. "ಕೂತ್ಕೊಳ್ಳಿ, ಕೂತ್ಕೊಳ್ಳಿ! ಪೂರ್ತಿ ನಿರ್ದೇಶಕರೇ?"

ಅಳಿಯ ಮಹಡಿಯ ಮೆಟ್ಟಿಲ ಕಡೆ ಹೊರಟ.

ಮಾವನವರು ಕುರ್ಚಿಯನ್ನು ತಮ್ಮ ಕಡೆ ಎಳೆದುಕೊಂಡು ಕೂತರು.

"ಇನ್ನೂ ಹಂಗಾಮೀನಾ?"